ಟ್ರಿಪ್ ಟೇಬಲಿನ ಒಡತಿ

“ಸುಳ್ಳು ಬೊಗಳಬೇಡ! ಟ್ರಿಪ್ ಟೇಬಲು ಅಳಿಸಿದ್ದು ನೀನೇ. ಕಂಪ್ಯೂಟರಿನಲ್ಲಿ ನಿನ್ನ ಹೆಸರೇ ಬಿದ್ದದೆ.”

ಪ್ರಕಾಶ ಮೇಜು ಗುದ್ದಿದ. ಬಾಳೆಗುಳಿಯಲ್ಲಿ ಮೀನು ಸಾಗಿಸುವ ಲಾರಿಗಳ ಮಾಲೀಕ ಆತ.

“ಹೆಸರು ನಂದು, ಪ್ರಕಾಶಣ್ಣ. ಕೈ ನಂದಲ್ಲ,” ಎಂದಳು ಭಾರತಿ. ಸಿಟ್ಟು ಬರಬೇಕಿತ್ತು. ಬರಲಿಲ್ಲ.

ಆಫೀಸಿನ ಡೇಟಾಬೇಸ್ ಕಟ್ಟಿದವಳು ಅವಳೇ. ಯಾವ ಲಾರಿ ಎಲ್ಲಿಗೆ ಹೋಯಿತು, ಯಾರು ಓಡಿಸಿದರು, ಎಲ್ಲ ಟ್ರಿಪ್ ಟೇಬಲಿನಲ್ಲಿ. ಟೇಬಲು ಅವಳ ಹೆಸರಿನಲ್ಲಿತ್ತು. ಅದನ್ನು ಬುಡಸಮೇತ ಅಳಿಸಲು ಒಡತಿಯ ಲಾಗಿನ್ನೇ ಬೇಕು. ಮೊದಲು ಒಬ್ಬೊಬ್ಬರಿಗೂ ಬೇರೆ ಲಾಗಿನ್ ಮಾಡಿಕೊಟ್ಟಿದ್ದಳು. ಗುಮಾಸ್ತ ಹರೀಶನಿಗೆ ಹೊಸ ಟ್ರಿಪ್ ಸೇರಿಸಲು ಮಾತ್ರ ಅನುಮತಿ. ತಿದ್ದಲು, ಅಳಿಸಲು ಇಲ್ಲ. ಒಂದು ಮುಂಜಾನೆ ಅವನು ಲಾರಿ ನಂಬರು ತಪ್ಪು ಹಾಕಿದ. ಭಾರತಿ ಬರುವವರೆಗೆ ತಿದ್ದಲಾಗದೆ ಲಾರಿ ನಿಂತಿತು, ಮೀನಿನ ಐಸ್ ಕರಗಿತು. ಪ್ರಕಾಶ ಹಾರಾಡಿದ್ದ: “ಇದೇನು ನಿಮ್ಮೂರು ಅರ್ಗಾದ ನೇವಿ ಗೇಟಾ, ಒಬ್ಬೊಬ್ಬರಿಗೂ ಬೇರೆ ಪಾಸ್ ಕೊಡಲಿಕ್ಕೆ? ಒಂದೇ ಮನೆಯವರ ಹಾಗೆ ಇದ್ದೇವೆ. ನಿನ್ನ ಪಾಸ್‌ವರ್ಡ್ ಎಲ್ಲರಿಗೂ ಕೊಡು.”

ಕೊಟ್ಟಿದ್ದಳು.

ಈಗ ಹರೀಶ ಮೂಲೆಯಲ್ಲಿ ಪ್ರಿಂಟರಿಗೆ ಕಾಗದ ತುಂಬುತ್ತಿದ್ದ. ತುಂಬಿದ್ದನ್ನೇ ತೆಗೆದು ಮತ್ತೆ ತುಂಬುತ್ತಿದ್ದ. ನಿನ್ನೆ ಸಂಜೆ ಆಫೀಸಿನಲ್ಲಿ ಒಬ್ಬನೇ ಇದ್ದವ ಅವನು. ದಿನಾ ಅವಳ ಡಬ್ಬಿಯ ಬಂಗಡೆ ಸಾರಿಗೆ ಕೈ ಚಾಚುವವ ಇವತ್ತು ತಲೆಯನ್ನೇ ಎತ್ತಲಿಲ್ಲ.

ಡ್ರೈವರ್ ತಿಮ್ಮು ಬಾಗಿಲಲ್ಲಿ ಇಣುಕಿದ. “ಅಕ್ಕಾ, ನನ್ನ ಟ್ರಿಪ್ ಮಾತ್ರ ಹೋಯ್ತಾ, ಲಾರಿನೂ ಹೋಯ್ತಾ?”

ಯಾರೂ ನಗಲಿಲ್ಲ.

“ಹೊರಗೆ ಬಂದು ಡ್ರೈವರುಗಳ ಎದುರು ‘ತಪ್ಪು ನಂದು’ ಅಂತ ಹೇಳು,” ಅಂದ ಪ್ರಕಾಶ. “ಹೇಳಿದರೆ ಕೆಲಸ ಉಳೀತದೆ.”

“ಪಾಸ್‌ವರ್ಡ್ ಕೊಡು ಅಂದವರು ನೀವು.”

“ಕೊಟ್ಟವಳು ನೀನು!”

ಅದೂ ಖರೆಯೇ. ಭಾರತಿ ಕಂಪ್ಯೂಟರಿನ ಮುಂದೆ ಕೂತಳು. ನಿನ್ನೆ ಮಧ್ಯಾಹ್ನದ ಬ್ಯಾಕಪ್ಪಿನಿಂದ ಟೇಬಲನ್ನು ಮರಳಿ ತಂದಳು. ತಿಮ್ಮುವಿನ ಟ್ರಿಪ್ಪುಗಳು ಬಂದವು. ಆಮೇಲೆ ಸರ್ವರಿನ ಮುಖ್ಯ ಖಾತೆಗೆ ಹೋದಳು. ಟೇಬಲುಗಳು ಹೆಸರಿನಲ್ಲಿರುವವರೆಗೆ ಒಡತಿಯ ಲಾಗಿನ್ನನ್ನು ಸರ್ವರ್ ತೆಗೆಯಗೊಡುವುದಿಲ್ಲ. ಒಂದೊಂದನ್ನೇ ಪ್ರಕಾಶನ ಹೆಸರಿಗೆ ಮಾಡಿದಳು. ಕೊನೆಗೆ ತನ್ನ ಲಾಗಿನ್ ತೆಗೆದಳು. ಯಾರದೋ ಕೈ ಕೀಲಿ ಒತ್ತುತ್ತಿದೆ ಅನ್ನಿಸಿತು.

“ಎಲ್ಲ ನಿಮ್ಮ ಹೆಸರಿಗೆ ಆಯ್ತು, ಪ್ರಕಾಶಣ್ಣ. ಇನ್ನು ನಿಮ್ಮ ಪಾಸ್‌ವರ್ಡ್ ಎಲ್ಲರಿಗೂ ಕೊಡಿ.”

“ಅಲ್ಲಾ, ನಂದು ಎಂತಕ್ಕೆ?” ಪ್ರಕಾಶ ತಟ್ಟನೆ ಅಂದ.

ಹರೀಶ ಆಗ ತಲೆ ಎತ್ತಿದ. “ಅಕ್ಕಾ...”

ಅವಳು ಡಬ್ಬಿ ಎತ್ತಿಕೊಂಡು ಹೆದ್ದಾರಿಗೆ ನಡೆದಳು. ಕಾರವಾರದ ಬಸ್ಸು ಬಂತು, ಹತ್ತಿದಳು. ಬಾಳೆಗುಳಿಯಲ್ಲಿ ಅವಳು ಮತ್ತೆಂದೂ ಇಳಿಯಲಿಲ್ಲ.