ಹದಿನೆಂಟು ಅಡಿಯ ಕಲ್ಲು

"ಬಂಡೆಗಲ್ಲು ಹತ್ತೈತ್ರಿ. ಇನ್ನ ಕೆಳಗ ಇಳಿಯಾಕ ಆಗಂಗಿಲ್ಲ," ಎಂದು ಮಾರೇಶ ಗುಂಡಿಯೊಳಗಿಂದ ಹಾರೆಯನ್ನು ಮೇಲಕ್ಕೆಸೆದ.

ಕುರುಗೋಡಿನ ಹೊರಗೆ, ಮನೆತನದ ಹೊಲದಲ್ಲಿ ಪ್ರಭುಲಿಂಗ ಮೇಷ್ಟ್ರಿಗೆ ಸಮಾಧಿ ತೋಡುತ್ತಿದ್ದರು. ಬಳ್ಳಾರಿಯ ಸತ್ಯನಾರಾಯಣಪೇಟೆಯ ಮನೆಯಿಂದ ಬೆಳಿಗ್ಗೆಯೇ ತಂದ ದೇಹವನ್ನು ಬೇವಿನ ಮರದ ಕೆಳಗೆ ಕೂರಿಸಿ, ಹಣೆಗೆ ವಿಭೂತಿ ಹಚ್ಚಿದ್ದರು.

ಅವರ ಹಳೆಯ ವಿದ್ಯಾರ್ಥಿ, ಈಗ ಎಂಜಿನಿಯರ್ ಆಗಿರುವ ಶೇಖರ್, ಪ್ಯಾಂಟು ಮಡಚಿ ಗುಂಡಿಗಿಳಿದ. ಕಲ್ಲಿನ ಅಂಚಿನ ಮಣ್ಣು ಕೆದರಿ, ಹಾರೆಯನ್ನು ಓರೆಯಾಗಿ ಕೊಟ್ಟು ಮೀಟಿದ. ಕಲ್ಲು ಅಲುಗಿತು.

"ಬಂಡೆ ಅಲ್ಲ, ಬಿಡಿ ಗುಂಡು. ಕೆಳಗ ಮಣ್ಣೈತಿ," ಎಂದವನು ಮೀಟುವುದನ್ನು ನಿಲ್ಲಿಸಿದ. ಎಂಟು ತಿಂಗಳ ಹಿಂದೆ ಮೇಷ್ಟ್ರು ಇದೇ ಮಾತನ್ನು ಹೇಳಿದ್ದರು.

*

ಪಾಲಿಟೆಕ್ನಿಕ್ಕಿನಲ್ಲಿ ಮೂವತ್ತೊಂದು ವರ್ಷ ಪ್ರಭುಲಿಂಗ ಸಿವಿಲ್ ಹುಡುಗರಿಗೆ ಭೂವಿಜ್ಞಾನ ಕಲಿಸಿದರು. ಪಾಸಾದರೆ ಸಾಕು ಎನ್ನುವಂಥ ವಿಷಯ. ಅವರು ಮಾತ್ರ ಚೀಲದಲ್ಲಿ ಕಲ್ಲು ಹೊತ್ತು ತರುವರು, ಜೇಡಿಮಣ್ಣನ್ನು ನಾಲಿಗೆಗೆ ಮುಟ್ಟಿಸಿ ತೋರಿಸುವರು, ಹಿಂದಿನ ಬೆಂಚಿನ ನಗು ಕೇಳಿಸದವರಂತೆ ಪಾಠ ಮುಂದುವರಿಸುವರು. ನಿವೃತ್ತಿಯಾದ ಮೇಲೂ ಎಲ್ಲಿ ಪಾಯ ತೋಡಿದರೂ ಸ್ಕೂಟರ್ ನಿಲ್ಲಿಸಿ ಇಣುಕುವುದು ತಪ್ಪಲಿಲ್ಲ.

ಸಿರುಗುಪ್ಪದ ಹತ್ತಿರ ಶೇಖರ್ ಕಟ್ಟಿಸುತ್ತಿದ್ದ ನೀರಿನ ಟ್ಯಾಂಕಿನ ಜಾಗಕ್ಕೂ ಹಾಗೇ ಬಂದಿದ್ದರು. ಹದಿನೆಂಟು ಅಡಿಗೆ ಕೊರೆಯುವ ಯಂತ್ರ ಕಲ್ಲಿಗೆ ತಾಗಿತ್ತು. ಗುತ್ತಿಗೆದಾರ ಆಗಲೇ ಯಂತ್ರ ಕಳಚಿಸುತ್ತಿದ್ದ.

"ಇನ್ನ ಹತ್ತಡಿ ಇಳಸಪ್ಪ. ಗುಂಡಾಗಿದ್ರ ಕೆಳಗ ಮತ್ತ ಮಣ್ಣು ಬರತೈತಿ. ಗುಂಡಿನ ಮ್ಯಾಲ ಕಂಬ ನಿಲ್ಲಸಬ್ಯಾಡ."

"ಮಿಷನ್ ನಾಳೆ ಬ್ಯಾರೆ ಕಡೆ ಹೊಂಟೈತ್ರಿ ಸಾರ್," ಎಂದ ಶೇಖರ್.

"ಎರೆಮಣ್ಣು ನೀರು ಕುಡದ್ರ ಉಬ್ಬತೈತಿ, ಒಣಗಿದ್ರ ಬಿರೀತೈತಿ. ಕಲ್ಲು ಅದರ ಜೋಡಿ ಸರೀತೈತಿ."

ಅಂದು ಸಂಜೆ 'ಗಟ್ಟಿ ಬಂಡೆ ಸಿಕ್ಕಿದೆ' ಎಂಬ ವರದಿಗೆ ಶೇಖರ್ ಸಹಿ ಹಾಕಿದ.

*

ಗುಂಡಿಯಿಂದ ಮೇಲೆ ಬಂದವನನ್ನು ಮೇಷ್ಟ್ರ ಹೆಂಡತಿ ದಾಕ್ಷಾಯಣಿ ಹತ್ತಿರ ಕರೆದರು.

"ಮೊನ್ನೆ ನಿನ್ನ ಟ್ಯಾಂಕಿಗೆ ಹೋಗಿ ಬಂದ್ರು. ಒಂದು ಕಂಬದ ಬುಡದಾಗ ನೆಲ ಸೀಳೈತಿ ಅಂದ್ರು. ನಿನಗ ಫೋನ್ ಮಾಡಿದ್ರಂತ."

"ಮಾಡಿದ್ರಮ್ಮ. ಮನ್ಯಾಗ ಆರಾಮ ಇರ್ರಿ ಅಂದೆ."

"ನಿನ್ನೆ ಚಾ ಕುಡಿಯೋವಾಗ್ಲೂ, 'ಶೇಖರ್ ತಿರುಗಿ ಫೋನ್ ಮಾಡಿದ್ನೇನು' ಅಂತ ಕೇಳಿದ್ರು."

ಅವರ ದನಿಯಲ್ಲಿ ಆಪಾದನೆ ಇರಲಿಲ್ಲ. ಅದನ್ನೇ ಅವನಿಗೆ ತಡೆಯಲಾಗಲಿಲ್ಲ. ಇವತ್ತೇ ಟ್ಯಾಂಕಿಗೆ ಮೊದಲ ಸಲ ನೀರು ತುಂಬಿಸುತ್ತಿದ್ದರು. ಬೇವಿನ ಆಚೆ ಹೋಗಿ ಕಾವಲುಗಾರ ಸುಂಕಣ್ಣನಿಗೆ ಫೋನ್ ಮಾಡಿದ.

"ಮುಕ್ಕಾಲು ತುಂಬೈತ್ರಿ ಸಾರ್."

"ಕಂಬದ ಬುಡದಾಗ ಸೀಳೈತಂತ, ನೋಡು."

ಹೆಜ್ಜೆಯ ಸಪ್ಪಳ. ಅದು ದೂರ ಸರಿದು ನಿಂತಿತು.

"ಸುಂಕಣ್ಣ?"

"ಮುಂಜಾನಿ ಬೆರಳು ಹೋಗ್ತಿತ್ರಿ. ಈಗ ಕೈ ಹೋಗ್ತೈತಿ."

"ನೀರು ನಿಲ್ಲಸು. ಪಕ್ಕದ ಅಂಗನವಾಡಿ ಮಕ್ಕಳನ್ನ ಮೊದಲು ಹೊರಗ ಕಳಸು. ಆಮ್ಯಾಲ ವಾಲ್ವ್ ತಿರುವಿ ಟ್ಯಾಂಕ್ ಖಾಲಿ ಮಾಡು."

"ಯಾರು ಹೇಳಿದ್ರು ಅಂತ ಕೇಳ್ತಾರ್ರಿ."

"ನಾನು. ರಿಪೋರ್ಟ್ ಸುಳ್ಳೈತಿ, ಸಹಿ ನಂದು ಅಂತ ಹೇಳು."

ಅವನು ಬೈಕಿನತ್ತ ನಡೆದಾಗ ಯಾರೋ ಹಿಂದಿನಿಂದ, "ಒಂದು ಹಿಡಿ ಮಣ್ಣು ಹಾಕಿ ಹೋಗಲ್ಲೇನು?" ಎಂದರು.

"ಹೋಗ್ಲಿ ಬಿಡ್ರಿ," ಎಂದರು ದಾಕ್ಷಾಯಣಿ. "ಅವರಿದ್ರೂ ಹೋಗ್ತಿದ್ರು."

*

ಅವನು ತಲುಪಿದಾಗ ಊರವರು ದೂರ ರಸ್ತೆಯ ಮೇಲೆ ನಿಂತಿದ್ದರು. ಮಕ್ಕಳೆಲ್ಲ ಅಲ್ಲಿದ್ದರು. ಅಂಗನವಾಡಿಯ ಟೀಚರಮ್ಮ ಅವರನ್ನು ಮೂರನೇ ಸಲ ಎಣಿಸುತ್ತಿದ್ದಳು. ಟ್ಯಾಂಕು ಬರಿಗಣ್ಣಿಗೇ ಕಾಣುವಂತೆ ವಾಲಿತ್ತು.

ನೀರು ಹೊರಬಿಡುವ ಪೈಪನ್ನು ಚರಂಡಿಗೆ ಇನ್ನೂ ಜೋಡಿಸಿರಲಿಲ್ಲ. ನೀರೆಲ್ಲ ಕಂಬಗಳ ಬುಡಕ್ಕೇ ಧುಮುಕುತ್ತಿತ್ತು.

"ವಾಲ್ವ್ ಬಂದ್ ಮಾಡ್ಲೇನ್ರಿ?" ಸುಂಕಣ್ಣ ಕೇಳಿದ.

ನೀರು ಮೇಲೆ ಉಳಿದರೆ ಭಾರ, ಕೆಳಗೆ ಇಳಿದರೆ ಎರೆಮಣ್ಣು ಉಬ್ಬುತ್ತದೆ. ಶೇಖರ್ ವಾಲ್ವಿನತ್ತ ಎರಡು ಹೆಜ್ಜೆ ಇಟ್ಟು ನಿಂತ.

ನೀರು ಹರಡುತ್ತ ಅಂಗನವಾಡಿಯ ಮೆಟ್ಟಿಲು ಮುಟ್ಟಿತು. ಅವಸರದಲ್ಲಿ ಮಕ್ಕಳು ಬಿಟ್ಟುಹೋಗಿದ್ದ ಪುಟ್ಟ ಚಪ್ಪಲಿಗಳು ಒಂದೊಂದಾಗಿ ತೇಲಿದವು. ಸ್ವಲ್ಪ ಹೊತ್ತು ಅಲ್ಲೇ ಸುತ್ತಿ, ಆಮೇಲೆ ಸಾಲಾಗಿ, ಕಂಬದ ಬುಡದಲ್ಲಿ ಬಾಯಿ ತೆರೆದು ನೀರು ಹೀರುತ್ತಿದ್ದ ಕಪ್ಪು ಸೀಳಿನತ್ತ ಹೊರಟವು.