ಓರಗಿತ್ತಿಯ ಎಸ್‌ಎಸ್‌ಎಚ್ ಕೀ

ಇಬ್ಬರು ಸೊಸೆಯರೂ ಮನೆಯಲ್ಲೇ ಕೂತು ರಕ್ತದಾನಿಗಳ ಸಂಘದ ವೆಬ್‌ಸೈಟ್ ನೋಡಿಕೊಳ್ಳುತ್ತಿದ್ದರು. ದಾನಿಗಳ ಹೆಸರು, ಫೋನ್ ನಂಬರು, ಕಾಯಿಲೆಯ ವಿವರ ಎಲ್ಲ ದೂರದ ಸರ್ವರ್‌ನಲ್ಲಿತ್ತು. ಹಿರಿಯವಳು ಪ್ರತಿ ಸಲ ಉದ್ದನೆಯ ಪಾಸ್‌ವರ್ಡ್ ಒತ್ತಿ, ತಪ್ಪಿ, ಮತ್ತೆ ಒತ್ತಬೇಕು. ಕಿರಿಯವಳು ಒಂದು ಸಾಲು ಬರೆದರೆ ಸಾಕು, ಬಾಗಿಲು ತೆರೆದೇ ಬಿಡುತ್ತಿತ್ತು.

"ಚಿಕ್ಕವಳ ಕೈ ಎಷ್ಟು ಚುರುಕು!" ಎಂದು ಅತ್ತೆ ಹೊಗಳಿದಾಗಲೆಲ್ಲ ಹಿರಿಯವಳ ಹೊಟ್ಟೆಯೊಳಗೆ ಮೆಣಸಿನಕಾಯಿ ಅರೆದಂತಾಗುತ್ತಿತ್ತು.

"ಚುರುಕೂ ಇಲ್ಲ ಏನೂ ಇಲ್ಲ ಅತ್ತೆ, ಎಸ್‌ಎಸ್‌ಎಚ್ ಕೀ ಅಷ್ಟೆ, ಪಾಸ್‌ವರ್ಡ್ ಬದಲು ಕಂಪ್ಯೂಟರಿನಲ್ಲೇ ಇರೋ ಕೀಲಿ ಫೈಲು. ಅಕ್ಕ, ನಿಮಗೂ ಒಂದು ಮಾಡಿಕೊಡ್ಲಾ?"

"ನಿನ್ನ ಹತ್ರ ಪಾಠ ಹೇಳಿಸ್ಕೊಳ್ಳೋ ಗತಿ ಇನ್ನೂ ಬಂದಿಲ್ಲ ಕಣೇ."

ಕಿರಿಯವಳು ಸ್ನಾನಕ್ಕೆ ಹೋದಾಗ ಅವಳ ಕೀ ಫೈಲನ್ನು ಹಿರಿಯವಳು ಪೆನ್‌ಡ್ರೈವಿಗೆ ನಕಲು ಮಾಡಿಕೊಂಡಳು. ಮೂರು ದಿನ ಪಾಸ್‌ವರ್ಡ್ ಒತ್ತದೆ ಒಳಹೋಗುತ್ತ ಮಹಾರಾಣಿಯಂತೆ ಮೆರೆದಳು. ನಾಲ್ಕನೆಯ ದಿನ ಜೆರಾಕ್ಸ್ ಅಂಗಡಿಗೆ ಹೋಗಿ ಬಂದು ನೋಡಿದರೆ ಪೆನ್‌ಡ್ರೈವ್ ಚೀಲದಲ್ಲಿಲ್ಲ. ಅಂಗಡಿಯಲ್ಲೂ ಇಲ್ಲ.

ಹೇಳಿದರೆ ಮಾನ ಹೋಗುತ್ತದೆ. ಹೇಳದಿದ್ದರೆ ನಂಬಿ ಹೆಸರು ಕೊಟ್ಟವರ ಗುಟ್ಟೆಲ್ಲ ಯಾರದೋ ಪಾಲು. ದೇವರ ಮುಂದೆ ಕೂತಳು, ಕಣ್ಣು ಮುಚ್ಚಲಾಗಲಿಲ್ಲ. ಎದ್ದು ಹೋಗಿ ಓರಗಿತ್ತಿಯ ಮುಂದೆ ನಿಂತಳು.

"ನಿನ್ನ ಕೀ ಕದ್ದೆ. ಕಳೆದೂ ಹಾಕಿದೆ."

ಕಿರಿಯವಳು ಕಂಪ್ಯೂಟರ್ ಹತ್ತಿರಕ್ಕೆ ಎಳೆದುಕೊಂಡಳು. "ಜಗಳ ಆಮೇಲೆ ಆಡೋಣ. ಮೊದಲು ಕೂತ್ಕೊಳ್ಳಿ. ಇದರಲ್ಲಿ ಎರಡು ಫೈಲು ಇರುತ್ತೆ ಅಕ್ಕ. ಒಂದು ಬೀಗ ಇದ್ದ ಹಾಗೆ, ಸರ್ವರ್‌ನಲ್ಲಿರುತ್ತೆ. ಇನ್ನೊಂದು ಕೀಲಿಕೈ, ನಮ್ಮ ಕಂಪ್ಯೂಟರ್ ಬಿಟ್ಟು ಕದಲಬಾರದು. ಹಳೇ ಬೀಗ ತೆಗೆದು ಹೊಸದು ಹಾಕಿದ್ರೆ ಕಳೆದ ಕೀಲಿಕೈ ಯಾರಿಗೆ ಸಿಕ್ಕಿದ್ರೂ ದಂಡ."

ಅವಳು ಹೊಸ ಜೋಡಿ ಮಾಡಿದಳು, ಅದರಿಂದ ಒಳಹೋಗಿ ಪರೀಕ್ಷಿಸಿದಳು, ಆಮೇಲೆ ಹಳೆಯ ಬೀಗವನ್ನು ಸರ್ವರ್‌ನಿಂದ ಅಳಿಸಿದಳು. ದೇವರ ದಯೆ, ಸರ್ವರ್‌ನ ದಾಖಲೆಯಲ್ಲಿ ಬೇರೆ ಯಾರೂ ಒಳಬಂದ ಗುರುತಿರಲಿಲ್ಲ.

"ನನ್ನದೂ ತಪ್ಪಿದೆ. ಕೀಗೆ ಪಾಸ್‌ಫ್ರೇಸ್ ಅಂತ ಒಂದು ಗುಟ್ಟಿನ ವಾಕ್ಯ ಹಾಕಬೇಕಿತ್ತು. ಹಾಕಿದ್ರೆ ಕದ್ದರೂ ನಿಮಗೆ ಕೆಲಸಕ್ಕೆ ಬರ್ತಿರಲಿಲ್ಲ."

"ಓಹೋ, ನೀನೂ ತಪ್ಪು ಮಾಡ್ತೀಯಾ?" ಹಿರಿಯವಳಿಗೆ ಒಳಗೊಳಗೇ ಸಂತೋಷ. ಅಷ್ಟು ಕಿಚ್ಚು ಇನ್ನೂ ಉಳಿದಿತ್ತು.

ಹಿರಿಯವಳ ಕಂಪ್ಯೂಟರಿನಲ್ಲೇ ಅವಳದೇ ಒಂದು ಕೀ ತಯಾರಾಯಿತು.

"ಪಾಸ್‌ಫ್ರೇಸ್ ಏನಿಟ್ರಿ ಅಕ್ಕ?"

"ನಿನಗ್ಯಾಕೆ ಹೇಳ್ಲಿ?"

"ಶಭಾಷ್! ಈಗ ಕಲಿತ್ರಿ."

ತಾಯಂದಿರೇ, ಅಣ್ಣತಮ್ಮಂದಿರೇ, ಇಂದೇ ನಿಮ್ಮ ಕಂಪ್ಯೂಟರ್ ತೆರೆದು ನೋಡಿ. ಯಾವ ಕೀ ಯಾವ ಸರ್ವರಿನದು ಎಂದು ನಿಮಗೆ ಗೊತ್ತಿದೆಯೇ? ಪ್ರತಿಯೊಬ್ಬರಿಗೂ ತಮ್ಮದೇ ಕೀ ಇರಲಿ, ಅದಕ್ಕೆ ಪಾಸ್‌ಫ್ರೇಸ್ ಇರಲಿ. ಕಳೆದರೆ ಮಾನಕ್ಕಂಜಿ ಕೂರದೆ ಆ ಗಳಿಗೆಯೇ ಬಾಯಿಬಿಡಿ. ನಾಚಿಕೆ ನಾಲ್ಕು ದಿನದಲ್ಲಿ ಮಾಸುತ್ತದೆ. ಹೊರಬಿದ್ದ ಪರರ ಗುಟ್ಟನ್ನು ಮರಳಿ ತರಲು ನಮ್ಮಿಂದಾಗದು.