ಗುಬ್ಬಿಯ ‘ಬೇಕಾ’

ಮಗುವಿಗೆ ಮಾತು ತಡವಾದರೆ ಬೀದಿಯವರೆಲ್ಲ ಡಾಕ್ಟರಾಗಿಬಿಡುತ್ತಾರೆ. ನಾಲಿಗೆ ದಪ್ಪ ಅನ್ನುವವರು ಒಬ್ಬರು, ಮುದ್ದು ಜಾಸ್ತಿಯಾಯಿತು ಅನ್ನುವವರು ಇನ್ನೊಬ್ಬರು. ಇಸ್ತ್ರಿ ಅಂಗಡಿ ಅಜ್ಜಿಯ ಮೊಮ್ಮಗಳು ಗುಬ್ಬಿಗೆ ಮೂರು ವರ್ಷ ತುಂಬಿದಾಗಲೂ ಹೀಗೇ ಆಯಿತು.

ಅಜ್ಜಿ ಯಾರ ಮಾತಿಗೂ ಸೊಪ್ಪು ಹಾಕಲಿಲ್ಲ. “ಇವಳಮ್ಮನೂ ತಡವಾಗೇ ಬಾಯಿ ಬಿಟ್ಟಿದ್ದು. ಈಗ ನೋಡಿ, ಕಂಡಕ್ಟರ್ ಆಗಿ ಇಡೀ ಬಸ್ಸಿಗೆ ಕೇಳೋ ಹಾಗೆ ಕೂಗ್ತಾಳೆ. ಮಾತು ಎಲ್ಲಿಗೆ ಹೋಗುತ್ತೆ, ಬರುತ್ತೆ ಬಿಡಿ” ಅನ್ನುತ್ತಿದ್ದಳು.

ಆದರೆ ಒಳಗೊಳಗೇ ಅವಳಿಗೂ ನೋವಿತ್ತು. ಮಗಳು ಕೆಲಸಕ್ಕೆ ಹೋದರೆ ಗುಬ್ಬಿ ಸಂಜೆಯವರೆಗೂ ಅಜ್ಜಿಯ ಜೊತೆಗೇ. ಹೆಸರು ಹಿಡಿದು ಕರೆದರೆ ತಿರುಗುವುದಿಲ್ಲ. ಬೇಕಾದ್ದನ್ನು ಬೆರಳು ಮಾಡಿ ತೋರಿಸುವುದಿಲ್ಲ. ಆಡುವ ನಾಲ್ಕು ಮಾತೂ ಅಜ್ಜಿಯದ್ದೇ. “ನೀರು ಬೇಕಾ ಗುಬ್ಬಿ?” ಅಂದರೆ, ಅದೇ ರಾಗದಲ್ಲಿ “ನೀರು ಬೇಕಾ ಗುಬ್ಬಿ?” ಅನ್ನುತ್ತಾಳೆ. ಸಾಕುವವಳನ್ನೇ ಅಣಕಿಸುತ್ತಾಳಲ್ಲ, ಇವಳಿಗೆ ನನ್ನ ಮೇಲೆ ಪ್ರೀತಿಯೇ ಇಲ್ಲವೇನೋ ಎಂದು ಅಜ್ಜಿ ಕೊರಗುತ್ತಿದ್ದಳು.

“ಅಮ್ಮಾ, ಒಂದ್ಸಲ ಆಸ್ಪತ್ರೇಲಿ ತೋರಿಸೋಣ” ಎಂದು ಮಗಳು ಬಾಯಿ ತೆರೆದರೆ ಸಾಕು, “ನನ್ನ ಮೊಮ್ಮಗಳಿಗೆ ಯಾರೂ ಹಣೆಪಟ್ಟಿ ಕಟ್ಟೋದು ಬೇಡ” ಎಂದು ಗದರುತ್ತಿದ್ದಳು. ದಿನಗಳು ಹಾಗೇ ಉರುಳುತ್ತಿದ್ದವು.

ಒಂದು ಬೆಳಿಗ್ಗೆ ಆರೋಗ್ಯ ಕೇಂದ್ರದ ನರ್ಸಮ್ಮ ತಮ್ಮ ಬಟ್ಟೆಗಾಗಿ ಅಂಗಡಿಯಲ್ಲಿ ಕಾದು ಕೂತಿದ್ದರು. ಗುಬ್ಬಿ ಒಳಗಿನಿಂದ ಬಂದವಳೇ, ಯಾರ ಮುಖವನ್ನೂ ನೋಡದೆ, “ನೀರು ಬೇಕಾ ಗುಬ್ಬಿ?” ಅಂದಳು.

“ನೋಡಿದ್ರಾ! ನಾನಿನ್ನೂ ತುಟಿ ಪಿಟಕ್ ಅಂದಿಲ್ಲ, ಆಗಲೇ ಅಣಕ ಶುರು.”

“ಅಜ್ಜೀ, ಒಂದು ಲೋಟ ನೀರು ಕೊಟ್ಟು ನೋಡೋಣ.”

ಗುಬ್ಬಿ ಗಟಗಟ ಕುಡಿದು, ಲೋಟ ಇಟ್ಟು ಹೊರಟೇಹೋದಳು.

“ನೀವು ಆ ಮಾತು ಆಡಿದಾಗೆಲ್ಲ ನೀರು ಸಿಕ್ಕಿದೆ” ಎಂದರು ನರ್ಸಮ್ಮ. “ನೀರು ತರಿಸೋ ಮಾತು ಅದೇ ಅಂದ್ಕೊಂಡಿದ್ದಾಳೆ. ‘ಬೇಕಾ’ ಅನ್ನೋದೇ ಅವಳ ‘ಬೇಕು’. ಅಣಕಿಸ್ತಿಲ್ಲ ಅಜ್ಜೀ, ಕೇಳ್ತಿದ್ದಾಳೆ.”

ಅಜ್ಜಿ ಇಸ್ತ್ರಿ ಪೆಟ್ಟಿಗೆಯನ್ನು ಪಕ್ಕಕ್ಕಿಟ್ಟಳು. ಸಣ್ಣ ದನಿಯಲ್ಲಿ ಕೇಳಿದಳು. “ಹಾಗಾದ್ರೆ, ನಾನು ಕೆಲಸ ಮಾಡ್ತಿರುವಾಗ ಹಿಂದೆ ಬಂದು ನಿಂತ್ಕೊಂಡು, ‘ಅಜ್ಜಿ ಹತ್ರ ಬರ್ತೀಯಾ ಕಂದಾ?’ ಅಂತಾಳಲ್ಲ... ಅದು?”

ಕೇಳುತ್ತಿದ್ದ ಹಾಗೇ ಉತ್ತರ ಅವಳಿಗೇ ಹೊಳೆಯಿತು. ಅಜ್ಜಿಯ ಕಣ್ಣು ತುಂಬಿ ಬಂತು. “ಅಣಕಿಸಬೇಡ, ಹೋಗೇ ಅಂತ ಓಡಿಸ್ತಿದ್ನಲ್ಲ, ತಾಯಿ! ಎತ್ಕೋ ಅಂತ ಕೇಳ್ತಿತ್ತಾ ಮಗು?”

“ನಿಮಗೆ ಗೊತ್ತಿರಲಿಲ್ಲ, ಬಿಡಿ. ಇದು ಆಟಿಸಂ ಇರಬಹುದು, ಇಲ್ಲದೇನೂ ಇರಬಹುದು. ಮಕ್ಕಳ ಡಾಕ್ಟರು ನೋಡಿ ಹೇಳ್ಬೇಕು. ಕಿವೀನೂ ಪರೀಕ್ಷೆ ಮಾಡಿಸ್ತಾರೆ.”

“ನಾನು ಬೆಳೆಸಿದ್ದರಲ್ಲೇ ಏನಾದ್ರೂ ತಪ್ಪಾಯ್ತಾ?”

“ಇಲ್ಲ ಅಜ್ಜೀ, ಯಾರ ತಪ್ಪೂ ಅಲ್ಲ. ಕೆಲವು ಮಕ್ಕಳ ಮೆದುಳು ಬೆಳೆಯೋ ರೀತೀನೇ ಬೇರೆ. ಮಾತ್ರೆ ನುಂಗಿಸಿ ವಾಸಿ ಮಾಡೋ ಕಾಯಿಲೆ ಅಲ್ಲ ಅದು. ಆದ್ರೆ ಬೇಗ ಗೊತ್ತಾದ್ರೆ, ಅವಳಿಗೆ ಒಗ್ಗೋ ರೀತೀಲಿ ಕಲಿಸಬಹುದು.”

“ಎಲ್ಲರ ಹಾಗೆ ಮಾತಾಡ್ತಾಳಾ?”

“ಈಗಲೇ ಯಾರೂ ಹೇಳಕ್ಕಾಗಲ್ಲ. ಪಕ್ಕದ ಮನೆ ಮಗು ಜೊತೆ ಅಳೀಬೇಡಿ. ಹೋದ ತಿಂಗಳ ಗುಬ್ಬಿ ಜೊತೆ ಈ ತಿಂಗಳ ಗುಬ್ಬೀನ ಅಳೀರಿ.”

ಸಂಜೆ ಮಗಳು ಹೆಗಲಿನ ಚೀಲ ಇಳಿಸುವ ಮೊದಲೇ ಅಜ್ಜಿ ಅಂದಳು, “ನಾಳೆ ರಜಾ ಹಾಕೇ. ಆಸ್ಪತ್ರೆಗೆ ಹೋಗೋಣ.”

“ಹಣೆಪಟ್ಟಿ ಕಟ್ತಾರೆ ಅಂತಿದ್ದೆ?”

“ಕಟ್ಲಿ ಬಿಡು. ಅದೇ ಹಣೆಗೆ ನಾನು ಮುತ್ತು ಕೊಡ್ತೀನಿ.”

ಮಗಳು ಅಲ್ಲೇ ಬಾಗಿಲಲ್ಲಿ ಕೂತು ಅತ್ತಳು. ಎಷ್ಟು ದಿನದ ಹೆದರಿಕೆಯೋ ಪಾಪ, ಒಬ್ಬಳೇ ಹೊತ್ತುಕೊಂಡಿದ್ದಳು.

ಡಾಕ್ಟರು ಆಟಿಸಂ ಎಂದೇ ಹೇಳಿದರು. ಮಾತು ಕಲಿಸುವ ಮೇಡಂ ಅಜ್ಜಿಗೂ ಪಾಠ ಹೇಳಿಕೊಟ್ಟರು. ಪ್ರಶ್ನೆ ಕೇಳುವ ಬದಲು, ಮಗು ಹೇಳಬೇಕಾದ ಮಾತನ್ನು ನೀವೇ ಹೇಳುತ್ತಾ ಕೊಡಿ ಎಂದರು. ಅಂದಿನಿಂದ ಅಜ್ಜಿ ಲೋಟ ಹಿಡಿದು “ನೀರು ಬೇಕು, ನೀರು ಬೇಕು” ಎಂದು ಹೇಳಿದ್ದೇ ಹೇಳಿದ್ದು. ಬಟ್ಟೆ ತಂದವರೊಬ್ಬರು ಅಯ್ಯೋ ಪಾಪ ಎಂದು ಅಜ್ಜಿಗೇ ನೀರು ತಂದುಕೊಟ್ಟರು!

ಗುಬ್ಬಿ ಈಗಲೂ ಕರೆದಾಗೆಲ್ಲ ತಿರುಗುವುದಿಲ್ಲ. ಎಷ್ಟೋ ಸಲ ‘ಬೇಕಾ’ ಎಂದೇ ಕೇಳುತ್ತಾಳೆ. ಆದರೆ ಮೊನ್ನೆ ಅಂಗಡಿ ತುಂಬ ಜನರಿದ್ದಾಗ ಹಿಂದಿನಿಂದ ಬಂದು ಸೆರಗು ಹಿಡಿದಳು. “ಅಜ್ಜಿ ಬೇಕು” ಅಂದಳು. ಆ ಮಾತನ್ನು ಯಾರೂ ಅವಳಿಗೆ ಹೇಳಿಕೊಟ್ಟಿರಲಿಲ್ಲ. ಅಜ್ಜಿ ಬಟ್ಟೆ, ಗಿರಾಕಿ ಎಲ್ಲ ಬಿಟ್ಟು ಅವಳನ್ನು ಎತ್ತಿಕೊಂಡಳು.

ಅಮ್ಮಂದಿರೇ, ಅಪ್ಪಂದಿರೇ, ಅಜ್ಜಿ ತಾತಂದಿರೇ, ನಿಮ್ಮ ಮನೆಯ ಮಗು ಹೆಸರು ಕರೆದರೆ ತಿರುಗುತ್ತಿಲ್ಲವೇ? ಬೆರಳು ಮಾಡಿ ತೋರಿಸುತ್ತಿಲ್ಲವೇ? ಕಲಿತ ಮಾತು ಬಿಟ್ಟುಬಿಟ್ಟಿದೆಯೇ? ದೊಡ್ಡದಾದರೆ ಸರಿಹೋಗುತ್ತೆ ಎಂದು ಕಾಯಬೇಡಿ, ಒಬ್ಬರನ್ನೊಬ್ಬರು ದೂರಬೇಡಿ. ಹತ್ತಿರದ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ. ಏನೂ ಇಲ್ಲ ಅಂದರೆ ಒಂದು ದಿನದ ಓಡಾಟ, ಅಷ್ಟೇ. ಇದೆ ಅಂದರೆ, ಆ ಮಗು ಇಷ್ಟು ದಿನ ನಿಮ್ಮನ್ನು ಏನು ಕೇಳುತ್ತಿತ್ತು ಎಂಬುದು ನಿಮಗೆ ಬೇಗ ತಿಳಿಯುತ್ತದೆ.